ಸುಣ್ಣದಕಲ್ಲಿನಲ್ಲಿ ಯುಗದ ಗಡಿ ಹುಡುಕುವ ಬಗೆ

ಲೋಕಾಪುರದ ಹತ್ತಿರದ ಒಂದು ಹಳೇ ಖಣಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಅಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ಬರು ಬಂದು ನಿಂತು, "ಅಕ್ಕಾರ, ಏನ್ ಹುಡುಕಾಕತ್ತೀರಿ? ಬಂಗಾರ ಏನರ ಐತೇನ್ರಿ ಇದರಾಗ?" ಎಂದು ಕೇಳಿದರು. "ಇಲ್ರೀ ಅಜ್ಜಾರ, ಏನೂ ಇಲ್ಲದ ಕಲ್ಲು ಬೇಕಾಗೇತಿ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಹಾಗಾದರೆ ಇಲ್ಲಿ ಬೇಕಾದಷ್ಟು ಸಿಗುತ್ತದೆ ಎಂಬಂತೆ ಇಡೀ ಖಣಿಯ ಕಡೆ ಕೈ ತೋರಿಸಿದರು. ನನಗೆ ಏನೂ ಇಲ್ಲದ ಕಲ್ಲು ಏಕೆ ಬೇಕಿತ್ತು ಎಂಬುದು ಈ ಲೇಖನದ ಕೊನೆಯ ಭಾಗದಲ್ಲಿ ಬರುತ್ತದೆ. ಅಲ್ಲಿಗೆ ತಲುಪಲು ಮೊದಲು ಕೆಲಸ ಕಲಿಯಬೇಕು.

ಭೂಮಿಯ ಇತಿಹಾಸವನ್ನು ಕ್ಯಾಂಬ್ರಿಯನ್, ಪರ್ಮಿಯನ್, ಕ್ರಿಟೇಶಿಯಸ್ ಎಂದು ಯುಗಗಳಾಗಿ ಹಂಚಿದ್ದಾರೆ. ಒಂದು ಯುಗ ಮುಗಿದು ಇನ್ನೊಂದು ಶುರುವಾಗುವ ಜಾಗ ಕಲ್ಲಿನಲ್ಲಿ ಎಲ್ಲಿದೆ ಎಂದು ಹೇಳಲು ಡೈನೋಸಾರಿನ ಎಲುಬಿಗಿಂತ ಸಾಸಿವೆಗಿಂತ ಸಣ್ಣ ಚಿಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಎಲುಬು ಸಿಗುವುದು ಅದೃಷ್ಟ. ಸೂಕ್ಷ್ಮ ಪಳೆಯುಳಿಕೆಗಳಾದರೆ ಸಮುದ್ರದ ತಳದಲ್ಲಿ ಹುಟ್ಟಿದ ಸುಣ್ಣದಕಲ್ಲಿನ ಒಂದು ಹಿಡಿಯಲ್ಲೇ ನೂರಾರು ಸಿಗಬಹುದು, ಸಾವಿರಾರು ಮೈಲಿ ದೂರದ ಇನ್ನೊಂದು ಕಲ್ಲಿನಲ್ಲೂ ಅದೇ ಜಾತಿಯವು ಅದೇ ಸರದಿಯಲ್ಲಿ ಬರುತ್ತವೆ. ಸರದಿ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಗಡಿಯನ್ನು ತೋರಿಸುವುದು ಒಂದು ಪಳೆಯುಳಿಕೆಯಲ್ಲ, ಪಳೆಯುಳಿಕೆಗಳ ಸರದಿ.

ಯಾವ ಕಲ್ಲನ್ನು ಕೇಳಬೇಕು

ನಮ್ಮ ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳ ವಿದ್ಯಾರ್ಥಿಗಳು ಹೆಚ್ಚಾಗಿ ತಪ್ಪುವುದು ಇಲ್ಲೇ. ಮುಧೋಳ, ಲೋಕಾಪುರ, ಯಾದವಾಡದ ಕಡೆ ಸುಣ್ಣದಕಲ್ಲು ಹೇರಳವಾಗಿದೆ, ಸಿಮೆಂಟ್ ಕಾರ್ಖಾನೆಗಳು ಅದರ ಮೇಲೇ ನಿಂತಿವೆ. ಹಾಗಾಗಿ ಇಲ್ಲೇ ಯುಗದ ಗಡಿ ಹುಡುಕೋಣ ಎಂದು ಹೊರಡುತ್ತಾರೆ. ಸಿಗುವುದಿಲ್ಲ. ಈ ಕಲ್ಲುಗಳು ಕಲಾದಗಿ ಸಮೂಹಕ್ಕೆ ಸೇರಿದವು. ರಾಬರ್ಟ್ ಬ್ರೂಸ್ ಫೂಟ್ 1876ರ ತನ್ನ ವರದಿಯಲ್ಲಿ ಇವನ್ನು ವಿವರವಾಗಿ ಬರೆದ. ದಾಳಿಂಬೆಗೆ ಹೆಸರಾದ ಕಲಾದಗಿ ಊರಿನ ಹೆಸರು ಭೂವಿಜ್ಞಾನದ ನಕ್ಷೆಗಳಲ್ಲಿ ಉಳಿದಿರುವುದು ಈ ಕಲ್ಲುಗಳಿಂದಲೇ. ಸಮೂಹದ ಕೆಳಭಾಗವಾದ ಬಾಗಲಕೋಟೆ ಗುಂಪಿನ ಸುಣ್ಣದಕಲ್ಲು ಮತ್ತು ಡಾಲೊಮೈಟ್ (ಮೆಗ್ನೀಸಿಯಂ ಸೇರಿದ, ಸುಣ್ಣದಕಲ್ಲಿನಂಥದ್ದೇ ಕಲ್ಲು) 100 ಕೋಟಿ ವರ್ಷಕ್ಕೂ ಹಳೆಯವು. ಚಿಪ್ಪು ಕಟ್ಟುವ ಒಂದೇ ಕೋಶದ ಸಮುದ್ರಜೀವಿಗಳಾದ ಫೊರಾಮಿನಿಫೆರಾಗಳು (ಇನ್ನು ಮುಂದೆ ಫೋರಾಮ್ ಎನ್ನುತ್ತೇನೆ) ಕಾಣಿಸಿಕೊಳ್ಳುವುದು ಕ್ಯಾಂಬ್ರಿಯನ್‌ನಲ್ಲಿ, ಅಂದರೆ 54 ಕೋಟಿ ವರ್ಷಗಳಿಂದ ಈಚೆಗೆ. ಚಿಪ್ಪು ಕಟ್ಟುವ ಜೀವಿಗಳೇ ಇಲ್ಲದ ಕಾಲದ ಕೆಸರಿನಲ್ಲಿ ಚಿಪ್ಪು ಎಲ್ಲಿಂದ ಬರಬೇಕು?

ಇಲ್ಲಿ ಇರುವುದು ಸ್ಟ್ರೊಮ್ಯಾಟೊಲೈಟ್. ಸೂಕ್ಷ್ಮಜೀವಿಗಳ ಪೊರೆಗಳು ಒಂದರ ಮೇಲೊಂದು ಕೂತು ಕಟ್ಟಿದ ಗುಮ್ಮಟದಂಥ ರಚನೆ. ಲೋಕಾಪುರ ಸುತ್ತಲಿನ ಡಾಲೊಮೈಟಿನಲ್ಲಿ ಇವು ಬರಿಗಣ್ಣಿಗೆ ಕಾಣುತ್ತವೆ, ಅಡ್ಡ ಕೊಯ್ದರೆ ಉಳ್ಳಾಗಡ್ಡಿ ಹೆಚ್ಚಿದ ಹಾಗೆ ಸುತ್ತು ಸುತ್ತು. ಯುಗದ ಗಡಿಯನ್ನು ಅವು ಹೇಳುವುದಿಲ್ಲ. ಪದರದ ಮೇಲ್ಮುಖ ಯಾವುದು ಎಂಬುದನ್ನು ಮಾತ್ರ ಹೇಳುತ್ತವೆ: ಗುಮ್ಮಟದ ಉಬ್ಬು ಇರುವ ಕಡೆ ಮೇಲೆ. ಬಾಗಲಕೋಟೆ ಗುಂಪಿನ ಪದರಗಳು ಮಡಚಿಕೊಂಡಿರುವುದರಿಂದ ಇದು ಸಣ್ಣ ಸಂಗತಿಯಲ್ಲ.

ಈ ಮಡಚಿದ ಪದರಗಳನ್ನು ಓರೆಯಾಗಿ ಕತ್ತರಿಸಿ ಅದರ ಮೇಲೆ ಬಾದಾಮಿ ಗುಂಪಿನ ಮರಳುಗಲ್ಲು ಬಹುಮಟ್ಟಿಗೆ ಅಡ್ಡಡ್ಡವಾಗಿ ಮಲಗಿದೆ. ಉತ್ತರಕ್ಕೆ ಹೋದರೆ ಎಲ್ಲದರ ಮೇಲೆ ದಖ್ಖನ್ನಿನ ಕರಿಗಲ್ಲು, ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದ ಲಾವಾ. ಗೋಳಗುಮ್ಮಟ ಕಟ್ಟಿದ್ದು ಅದೇ ಕಲ್ಲಿನಿಂದ. ಹಳೆಯ ಸುಣ್ಣದಕಲ್ಲಿಗೂ ಈ ಲಾವಾಕ್ಕೂ ನಡುವೆ ಹಲವು ಹತ್ತು ಕೋಟಿ ವರ್ಷಗಳ ಪದರಗಳೇ ಇಲ್ಲ. ಕ್ಯಾಂಬ್ರಿಯನ್ನಿನಿಂದ ಜುರಾಸಿಕ್‌ವರೆಗಿನ ಪುಟಗಳು ಈ ಪುಸ್ತಕದಲ್ಲಿ ಹರಿದುಹೋಗಿವೆ. ಕಲ್ಲೇ ಇಲ್ಲದ ಕಡೆ ಗಡಿ ಗುರುತಿಸಲಾಗದು.

ಆದ್ದರಿಂದ ಕೈಪಳಗಿಸಿಕೊಳ್ಳುವುದು ಇಲ್ಲಿ, ಗಡಿ ಹುಡುಕುವುದು ಬೇರೆ ಕಡೆ. ತಮಿಳುನಾಡಿನ ಅರಿಯಲೂರಿನ ಖಣಿಗಳಲ್ಲಿ ಕ್ರಿಟೇಶಿಯಸ್ ಸಮುದ್ರದ ಸುಣ್ಣದಕಲ್ಲಿದೆ. ಮೇಘಾಲಯದ ಉಮ್ ಸೊಹ್ರಿಂಗ್‌ಕ್ಯೂ ಹೊಳೆಯ ದಂಡೆಯಲ್ಲಿ ಕ್ರಿಟೇಶಿಯಸ್ ಮತ್ತು ಪೇಲಿಯೋಜೀನ್ ಯುಗಗಳ ಗಡಿ ದಾಖಲಾಗಿದೆ. ಕಾಶ್ಮೀರದ ಗುರ್ಯುಲ್ ಕಣಿವೆಯಲ್ಲಿ ಪರ್ಮಿಯನ್ ಮುಗಿದು ಟ್ರಯಾಸಿಕ್ ಶುರುವಾಗುವ ಪದರಗಳಿವೆ. ಕಾಲೇಜಿನ ಪ್ರವಾಸ ಇಂಥ ಕಡೆಗೆ ಹೊರಟರೆ ಒಂದೆರಡು ಚೀಲ ಹೆಚ್ಚಿಗೆ ಒಯ್ಯಿರಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಎರೆಹೊಲಗಳಲ್ಲಿ ಸಿಗುವ ಬಿಳಿ ಸುಣ್ಣದ ಹರಳು ಕೂಡ ಆಮ್ಲಕ್ಕೆ ಬುಸುಗುಡುತ್ತದೆ, ಒಳಗೆ ಬಸವನಹುಳದ ಚಿಪ್ಪೂ ಇರಬಹುದು. ಅದು ಮಣ್ಣಿನಲ್ಲಿ ಮೊನ್ನೆ ಮೊನ್ನೆ ಕಟ್ಟಿಕೊಂಡದ್ದು. ಅದನ್ನು ಕೆಳಗಿನ ಸುಣ್ಣದಕಲ್ಲಿನ ಜೊತೆ ಒಂದೇ ಚೀಲಕ್ಕೆ ಹಾಕಬೇಡಿ.

ಗಡಿ ಎಂದರೆ ಏನು

ಗಡಿ ಎಂದರೆ ಎರಡು ಬಣ್ಣದ ಕಲ್ಲು ಕೂಡುವ ಜಾಗ ಎಂದು ಅನ್ನಿಸುತ್ತದೆ. ಹಾಗಲ್ಲ. ಜಗತ್ತಿನಲ್ಲಿ ಒಂದೇ ಒಂದು ಜಾಗದ ಒಂದೇ ಒಂದು ಪದರದ ಬುಡವನ್ನು ಆರಿಸಿ, ಈ ಯುಗ ಇಲ್ಲಿಂದ ಶುರು ಎಂದು ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿಕೊಂಡಿರುತ್ತಾರೆ. ಆ ಗುರುತಿಗೆ ಗೋಲ್ಡನ್ ಸ್ಪೈಕ್, ಬಂಗಾರದ ಮೊಳೆ, ಎನ್ನುವುದು ರೂಢಿ. ಆ ಹಿರಿಯರು ಕೇಳಿದ ಬಂಗಾರ ನಮ್ಮ ಕೆಲಸದಲ್ಲೂ ಇದೆ, ನಮ್ಮ ಜಿಲ್ಲೆಯಲ್ಲಿ ಮಾತ್ರ ಇಲ್ಲ. ಇಂಥ ಮೊದಲ ಮೊಳೆಯನ್ನು 1972ರಲ್ಲಿ ಇಂದಿನ ಚೆಕ್ ದೇಶದ ಕ್ಲೊಂಕ್‌ನಲ್ಲಿ, ಸಿಲೂರಿಯನ್ ಮತ್ತು ಡೆವೋನಿಯನ್ ಯುಗಗಳ ನಡುವೆ ಗೊತ್ತು ಮಾಡಿದರು.

ಬೇರೆ ಕಡೆಯ ಕಲ್ಲಿನಲ್ಲಿ ಕೆಲಸ ಮಾಡುವ ನಾವು ಆ ಮೊಳೆಗೆ ಸರಿಸಮನಾದ ಪದರವನ್ನು ನಮ್ಮಲ್ಲಿ ಹುಡುಕುತ್ತೇವೆ. ಪರ್ಮಿಯನ್ ಮತ್ತು ಟ್ರಯಾಸಿಕ್ ನಡುವಿನ ಮೊಳೆ ಚೀನಾದ ಮೈಶಾನ್‌ನಲ್ಲಿದೆ, 2001ರಲ್ಲಿ ಒಪ್ಪಿದ್ದು. ಗುರುತು: ಹಿಂಡಿಯೋಡಸ್ ಪಾರ್ವಸ್ ಎಂಬ ಕೊನೊಡಾಂಟ್ (ಅಳಿದುಹೋದ ಒಂದು ಸಮುದ್ರಪ್ರಾಣಿಯ ಹಲ್ಲಿನಂಥ ಸೂಕ್ಷ್ಮ ಪಳೆಯುಳಿಕೆ) ಮೊದಲ ಸಲ ಕಾಣಿಸುವ ಪದರದ ಬುಡ. ಜೀವಿಗಳು ಸಾಮೂಹಿಕವಾಗಿ ಅಳಿದ ಪದರ ಅದಕ್ಕಿಂತ ಸುಮಾರು ಒಂದು ಗೇಣು ಕೆಳಗಿದೆ. ಅಂದರೆ ಅಳಿವು ಆದದ್ದೇ ಗಡಿಯಲ್ಲ, ಹೊಸಬ ಬಂದದ್ದು ಗಡಿ. ಕ್ರಿಟೇಶಿಯಸ್ ಕೊನೆಯಲ್ಲಿ ರೀತಿ ಬೇರೆ. ಟ್ಯುನೀಷಿಯಾದ ಎಲ್ ಕೆಫ್‌ನಲ್ಲಿ ಇರಿಡಿಯಂ ಎಂಬ ಅಪರೂಪದ ಲೋಹ ತುಂಬಿದ ತೆಳು ಜೇಡಿಪದರದ ಬುಡವೇ ಗಡಿ. ಅಲ್ಲಿ ಫೋರಾಮ್‌ಗಳು ಸಾಕ್ಷಿ ಹೇಳುತ್ತವೆ. ನೀವು ಹುಡುಕುವ ಗಡಿಯ ಗುರುತು ಆಗಮನವೋ, ಅಳಿವೋ, ಬೇರೆಯದೋ ಎಂದು ಹೊರಡುವ ಮೊದಲೇ ಓದಿಕೊಳ್ಳಿ.

ಈ ಗುರುತುಗಳೂ ಶಾಶ್ವತವಲ್ಲ. ಡೆವೋನಿಯನ್ ಮತ್ತು ಕಾರ್ಬೊನಿಫೆರಸ್ ನಡುವಿನ ಮೊಳೆ ಫ್ರಾನ್ಸಿನ ಲಾ ಸೆರ್‌ನಲ್ಲಿದೆ. ಸೈಫನೊಡೆಲ್ಲಾ ಸಲ್ಕಾಟಾ ಎಂಬ ಕೊನೊಡಾಂಟಿನ ಮೊದಲ ಆಗಮನ ಅಲ್ಲಿ ಎಂದುಕೊಂಡಿದ್ದರು. ಆಮೇಲೆ ಅದೇ ಕಲ್ಲಿನಲ್ಲಿ ಗುರುತಿಗಿಂತ ಕೆಳಗಿನ ಪದರದಲ್ಲೂ ಅದು ಸಿಕ್ಕಿತು. ಅಷ್ಟು ಜನ ತಜ್ಞರು ನೋಡಿದ ಕಲ್ಲಿನಲ್ಲೇ ಹೀಗಾಗಿದೆ. ಮೊದಲ ಆಗಮನ ಎಂದರೆ ಇದುವರೆಗೆ ಸಿಕ್ಕ ಮೊದಲನೆಯದು ಅಷ್ಟೇ.

ಕಲ್ಲು ತೆಗೆಯುವುದು

ಖಣಿಗೆ ಹೋಗುವ ಮೊದಲು ಒಡೆಯರ ಅನುಮತಿ ಪಡೆಯಿರಿ, ಸಿಡಿಮದ್ದು ಹಾರಿಸುವ ಹೊತ್ತು ಕೇಳಿಕೊಳ್ಳಿ, ಹೆಲ್ಮೆಟ್ ಇಲ್ಲದೆ ಗೋಡೆಯ ಬುಡದಲ್ಲಿ ನಿಲ್ಲಬೇಡಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸ್ಮಾರಕಗಳ ಬಳಿ ಸುತ್ತಿಗೆಯನ್ನೇ ಹೊರತೆಗೆಯಬೇಡಿ.

ಮೊದಲು ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಅಳೆದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಿರಿ. ಎಷ್ಟು ದಪ್ಪ, ಬಣ್ಣ, ಕಣ, ಆಮ್ಲಕ್ಕೆ ಬುಸುಗುಡುತ್ತದೆಯೇ. ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿಗೆ ಸುಣ್ಣದಕಲ್ಲು ತಕ್ಷಣ ನೊರೆಯುತ್ತದೆ. ಡಾಲೊಮೈಟ್ ಸುಮ್ಮನಿರುತ್ತದೆ, ಕೆರೆದು ಪುಡಿ ಮಾಡಿ ಹನಿಸಿದರೆ ಮೆಲ್ಲಗೆ ಗುಳ್ಳೆ ಬರುತ್ತದೆ. ನಮ್ಮ ಕಡೆ ಎರಡೂ ಪಕ್ಕಪಕ್ಕದಲ್ಲೇ ಇರುವುದರಿಂದ ಈ ಪರೀಕ್ಷೆ ಅಭ್ಯಾಸ ಮಾಡಲು ಲೋಕಾಪುರಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮಾದರಿಯನ್ನು ಕೆಳಗಿನಿಂದ ಮೇಲಕ್ಕೆ ತೆಗೆಯಿರಿ. ಮೇಲಿನಿಂದ ಶುರು ಮಾಡಿದರೆ ಒಡೆದ ಚೂರು ಕೆಳಗಿನ ಪದರದ ಮೇಲೆ ಉದುರಿ ಬೆರೆಯುತ್ತದೆ. ಮೊದಲ ಸುತ್ತಿನಲ್ಲಿ ಅರ್ಧ ಮೀಟರಿಗೊಂದು, ಗಡಿ ಇರಬಹುದು ಅನ್ನಿಸುವ ಕಡೆ 10 ಸೆಂಟಿಮೀಟರಿಗೊಂದು. ಬಿಸಿಲಿಗೆ ಬಿರಿದ ಹೊರಪದರ ಬಿಟ್ಟು ಒಳಗಿನ ಹಸಿ ಕಲ್ಲು ತೆಗೆಯಿರಿ. ತೆಗೆಯುವ ಮೊದಲೇ ಮೇಲ್ಮುಖಕ್ಕೆ ಬಾಣದ ಗುರುತು ಹಾಕಿ. ಫೋರಾಮ್‌ಗೆ 200 ಗ್ರಾಂ ಸಾಕು, ಕೊನೊಡಾಂಟ್‌ಗೆ ಎರಡು ಕಿಲೋವಾದರೂ ಬೇಕು. ಚೀಲದ ಹೊರಗೊಂದು, ಒಳಗೊಂದು ಚೀಟಿ ಇರಲಿ. ಒಳಗಿನದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಸ್ಕೆಚ್ ಪೆನ್ ಶಾಯಿ ಒದ್ದೆ ಕಲ್ಲಿಗೆ ತಾಗಿ ಅಳಿಸಿಹೋಗಿ ನಾನು ಒಂದು ದಿನದ ದುಡಿಮೆಯನ್ನೇ ಎಸೆದಿದ್ದೇನೆ. ಸಂಖ್ಯೆ ಇಲ್ಲದ ಕಲ್ಲು ರಸ್ತೆಗೆ ಹಾಕುವ ಜಲ್ಲಿಗೆ ಸಮ.

ಕರಗಿಸಬೇಕೋ, ಕೊಯ್ಯಬೇಕೋ, ನೆನೆಸಬೇಕೋ

ಈ ಭಾಗವನ್ನು ನಿಧಾನವಾಗಿ ಓದಿ. ಇಲ್ಲಿ ಆದ ತಪ್ಪನ್ನು ತಿದ್ದಲು ಆಗುವುದಿಲ್ಲ.

ಫೋರಾಮ್ ಚಿಪ್ಪು ಹೆಚ್ಚಾಗಿ ಸುಣ್ಣದ್ದೇ, ಕಲ್ಲೂ ಸುಣ್ಣದ್ದೇ. ಆಮ್ಲ ಹಾಕಿದರೆ ಎರಡೂ ಒಟ್ಟಿಗೆ ಕರಗಿ ನೀರಾಗುತ್ತವೆ. ಕೊನೊಡಾಂಟ್ ಹಾಗಲ್ಲ. ಅದು ಹಾವುಮೀನಿನಂಥ ಒಂದು ಪ್ರಾಣಿಯ ಬಾಯಿಯ ಭಾಗ, ನಮ್ಮ ಹಲ್ಲಿನ ಹಾಗೆ ಫಾಸ್ಫೇಟಿನದು. ಅಸಿಟಿಕ್ ಆಮ್ಲ ಕಲ್ಲನ್ನು ತಿಂದು ಅದನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಮೊದಲು ಕಲ್ಲಿನ ಕಾಲವನ್ನು ಅಂದಾಜಿಸಿ. ಕೊನೊಡಾಂಟ್‌ಗಳು ಕ್ಯಾಂಬ್ರಿಯನ್‌ನಿಂದ ಟ್ರಯಾಸಿಕ್ ಕೊನೆಯವರೆಗೆ ಮಾತ್ರ ಇದ್ದವು. ಅರಿಯಲೂರಿನ ಕ್ರಿಟೇಶಿಯಸ್ ಕಲ್ಲನ್ನು ಆಮ್ಲಕ್ಕೆ ಹಾಕಿ ಕೊನೊಡಾಂಟ್‌ಗಾಗಿ ಕಾಯುವುದು, ಜಾತ್ರೆ ಮುಗಿದ ಮೇಲೆ ತೇರಿನ ದಾರಿ ಕಾಯ್ದ ಹಾಗೆ.

ಆಮ್ಲದ ಕೆಲಸ ಹೀಗೆ. ಕಲ್ಲನ್ನು ಲಿಂಬೆಹಣ್ಣಿನ ಗಾತ್ರಕ್ಕೆ ಒಡೆದು ತೊಳೆದು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಒಂದು ಭಾಗ ಗಟ್ಟಿ ಅಸಿಟಿಕ್ ಆಮ್ಲಕ್ಕೆ ಒಂಬತ್ತು ಭಾಗ ನೀರು. ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಗಟ್ಟಿ ಆಮ್ಲ ಚರ್ಮ ಸುಡುತ್ತದೆ, ಅದರ ಹೊಗೆ ಕಣ್ಣು ಉರಿಸುತ್ತದೆ, ಕೈಗವಸು, ಕನ್ನಡಕ, ತೆರೆದ ಜಾಗ ಇಲ್ಲದಿದ್ದರೆ ಈ ಕೆಲಸ ಬೇಡ. ಒಂದು ಕಿಲೋ ಶುದ್ಧ ಸುಣ್ಣದಕಲ್ಲು ಪೂರ್ತಿ ಕರಗಲು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚೇ ಗಟ್ಟಿ ಆಮ್ಲ ಖರ್ಚಾಗುತ್ತದೆ, ಹಾಗಾಗಿ ಬಕೆಟ್ಟಿನ ದ್ರಾವಣವನ್ನು ಕೆಲವು ಸಲ ಬದಲಿಸಬೇಕು. ಬದಲಿಸುವಾಗ ಹಳೆಯದರಲ್ಲಿ ಸ್ವಲ್ಪ ಉಳಿಸಿ ಹೊಸದಕ್ಕೆ ಬೆರೆಸಿ. ಬರೀ ಹೊಸ ಆಮ್ಲ ಕೊನೊಡಾಂಟಿನ ಮೈಯನ್ನೂ ಕೊರೆಯುತ್ತದೆ. ಡಾಲೊಮೈಟ್ ಅಸಿಟಿಕ್‌ಗೆ ಬಹಳ ನಿಧಾನ, ಅದಕ್ಕೆ ಫಾರ್ಮಿಕ್ ಆಮ್ಲ ಬೇಕು, ಅದನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡಿ. ಹೈಡ್ರೊಫ್ಲೋರಿಕ್ ಆಮ್ಲ ಬೇಕಾಗುವ ಕೆಲಸಗಳೂ ಇವೆ. ತರಬೇತಿ ಪಡೆದವರ ಲ್ಯಾಬಿನ ಹೊರಗೆ ಅದರ ಬಾಟಲಿಯನ್ನು ಮುಟ್ಟಲೂ ಬೇಡಿ.

ಉಳಿದ ಕೆಸರನ್ನು ಎರಡು ಸಾಣಿಗೆಯಲ್ಲಿ ತೊಳೆಯಿರಿ: ಮೇಲೆ 1 ಮಿಲಿಮೀಟರ್, ಕೆಳಗೆ 63 ಅಥವಾ 75 ಮೈಕ್ರಾನ್. ಕೆಳಗಿನದರಲ್ಲಿ ನಿಂತದ್ದು ನಿಮ್ಮದು. ಬಾಗಲಕೋಟೆಯ ಬೋರಿನ ನೀರು ಗಡಸು, ಒಣಗಿದಾಗ ಬಿಳಿ ಕಲೆ ಬಿಟ್ಟು ಚಿಪ್ಪಿನ ಮೇಲಿನ ಗೆರೆ ಮುಚ್ಚುತ್ತದೆ. ಕೊನೆಯ ಸಲ ಬ್ಯಾಟರಿ ನೀರಿನಿಂದ ತೊಳೆಯಿರಿ.

ಮೆತ್ತಗಿನ, ಜೇಡಿ ಬೆರೆತ ಸುಣ್ಣದಕಲ್ಲಾದರೆ ಫೋರಾಮ್‌ಗಳನ್ನು ಬಿಡಿಬಿಡಿಯಾಗಿ ತೆಗೆಯಬಹುದು. ಕಡಲೆ ಗಾತ್ರಕ್ಕೆ ಒಡೆದು ಒಣಗಿಸಿ, ದುರ್ಬಲ ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ಅಥವಾ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ನೆನೆಸಿ. ಒಳಗೆ ಪೈರೈಟ್ (ಕಬ್ಬಿಣ, ಗಂಧಕದ ಹೊಳೆಯುವ ಖನಿಜ) ಇದ್ದರೆ ಪೆರಾಕ್ಸೈಡ್ ಜೊತೆ ಸೇರಿ ಆಮ್ಲ ಹುಟ್ಟಿ ಚಿಪ್ಪು ತಿನ್ನುತ್ತದೆ, ಆಗ ಸೋಡಾ ಮೇಲು. ಬಿಡದಿದ್ದರೆ ಗ್ಲಾಬರ್ ಉಪ್ಪಿನ (ಸೋಡಿಯಂ ಸಲ್ಫೇಟ್) ಬಿಸಿ ದ್ರಾವಣದಲ್ಲಿ ಅದ್ದಿ ತಣಿಸಿ, ಮತ್ತೆ ಬಿಸಿ ಮಾಡಿ, ಹೀಗೆ ಹತ್ತಾರು ಸಲ. ಉಪ್ಪಿನ ಹರಳು ಬೆಳೆದು ಕಲ್ಲನ್ನು ಒಳಗಿನಿಂದ ಬಿಡಿಸುತ್ತದೆ.

ಇನ್ನು ಗಟ್ಟಿ ಸುಣ್ಣದಕಲ್ಲಿಗೆ ಕೊಯ್ಯುವುದೇ ದಾರಿ. ಇಳಕಲ್ಲಿನಲ್ಲಿ ಗ್ರಾನೈಟ್ ಕೊಯ್ಯುವವರ ಬಳಿ ಹೋಗಿ ಬೆರಳ ದಪ್ಪದ ಬಿಲ್ಲೆ ಕೊಯ್ಯಿಸಿಕೊಳ್ಳಿ, ಗ್ರಾನೈಟ್ ಕೊಯ್ಯುವ ಬ್ಲೇಡಿಗೆ ಸುಣ್ಣದಕಲ್ಲು ಬೆಣ್ಣೆ. ಪದರಕ್ಕೆ ಅಡ್ಡಲಾಗಿ ಕೊಯ್ಯಬೇಕು, ಬಾಣದ ಗುರುತು ಉಳಿಯಬೇಕು. ಒಂದು ಮುಖವನ್ನು ಕಾರ್ಬೊರಂಡಮ್ ಪುಡಿಯಲ್ಲಿ ದಪ್ಪ ಪುಡಿಯಿಂದ ಸಣ್ಣ ಪುಡಿಗೆ ಇಳಿಯುತ್ತ ಗಾಜಿನ ಮೇಲೆ ತಿಕ್ಕಿ ನಯ ಮಾಡಿ, ಎಪಾಕ್ಸಿಯಿಂದ ಸ್ಲೈಡಿಗೆ ಅಂಟಿಸಿ, ಇನ್ನೊಂದು ಕಡೆಯಿಂದ ತಿಕ್ಕುತ್ತ 0.03 ಮಿಲಿಮೀಟರಿನವರೆಗೆ ತೆಳ್ಳಗೆ ಮಾಡಬೇಕು. ಕೊನೆಯ ಎರಡು ನಿಮಿಷಗಳಲ್ಲಿ ಇಡೀ ಕಲ್ಲು ಮಾಯವಾಗುವುದುಂಟು, ಆಗಾಗ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿ. ಅಷ್ಟು ತಾಳ್ಮೆ ಇಲ್ಲದ ದಿನ ಅಸಿಟೇಟ್ ಅಚ್ಚು ತೆಗೆಯಿರಿ. ನಯ ಮಾಡಿದ ಮುಖವನ್ನು ದುರ್ಬಲ ಆಮ್ಲದಲ್ಲಿ ಕೆಲವು ಸೆಕೆಂಡ್ ಅದ್ದಿ ತೊಳೆದು ಒಣಗಿಸಿ, ಅಸಿಟೋನ್ ಸುರಿದು, ಮೇಲೆ ಅಸಿಟೇಟ್ ಹಾಳೆ ಹಾಸಿ, ಒಣಗಿದ ಮೇಲೆ ಸುಲಿಯಿರಿ. ಚಿಪ್ಪಿನ ಅಡ್ಡಕೊಯ್ತದ ಗುರುತು ಹಾಳೆಯಲ್ಲಿ ಬರುತ್ತದೆ. ಹಾಳೆ ಅಸಿಟೇಟ್‌ನದೇ ಆಗಿರಬೇಕು. ಸ್ಟೇಷನರಿ ಅಂಗಡಿಯ ಪಾರದರ್ಶಕ ಹಾಳೆ ಹೆಚ್ಚಾಗಿ ಪಾಲಿಯೆಸ್ಟರ್, ಅಸಿಟೋನ್‌ಗೆ ಅದು ಮೆತ್ತಗಾಗುವುದೇ ಇಲ್ಲ. ಮೂಲೆ ಕತ್ತರಿಸಿ ಒಂದು ಹನಿ ಅಸಿಟೋನ್ ಹಾಕಿದರೆ ತಿಳಿದುಬಿಡುತ್ತದೆ.

ನೋಡುವುದು, ಹೆಸರಿಡುವುದು

ಕಪ್ಪು ತಟ್ಟೆಯ ಮೇಲೆ ಒಂದು ಚಿಟಿಕೆ ಪುಡಿ ಹರಡಿ, 40 ಪಟ್ಟು ದೊಡ್ಡದು ಮಾಡುವ ಸ್ಟೀರಿಯೊ ಸೂಕ್ಷ್ಮದರ್ಶಕದ ಕೆಳಗೆ ಸಾಲು ಸಾಲಾಗಿ ನೋಡುತ್ತ ಹೋಗಿ. ಫ್ಯಾನ್ ಆಫ್ ಮಾಡಿ. ಅತಿ ಸಣ್ಣ ಕುಂಚವನ್ನು ಒದ್ದೆ ಮಾಡಿ ತುದಿ ಮುಟ್ಟಿಸಿದರೆ ಚಿಪ್ಪು ಅಂಟಿಕೊಳ್ಳುತ್ತದೆ.

ಮೊದಲ ಸಲ ಅರಿಯಲೂರಿನ ಮಣ್ಣಿನಲ್ಲಿ ಗ್ಲೋಬೊಟ್ರಂಕಾನಾ ಎಂಬ ಒಂದು ಫೋರಾಮ್ ಕಂಡ ಸಂಜೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಳಿ, ಚಪ್ಪಟೆ, ಸುರುಳಿಯಾಗಿ ಸುತ್ತಿದ ಕೋಣೆಗಳು, ಅಂಚಿನ ಸುತ್ತ ಸಣ್ಣ ಮಣಿ ಪೋಣಿಸಿದಂಥ ಎರಡು ಏಣು. ತಿರುಗಿಸಿದಾಗ ಹಿಂಬದಿಯ ಹೊಕ್ಕುಳಿನ ಸುತ್ತ ಕೋಣೆಗಳು ಹೂವಿನ ಎಸಳಿನ ಹಾಗೆ ಕೂತಿದ್ದವು. ಒಂದು ಕೋಣೆ ಒಡೆದಿತ್ತು, ಒಳಗೆ ಹರಳು ಮಿನುಗುತ್ತಿತ್ತು. ಕಲ್ಲುಸಕ್ಕರೆಯ ಪುಡಿಯ ನಡುವೆ ಯಾರೋ ಕೂತು ಕೆತ್ತಿದ ಬೆಂಡೋಲೆ ಸಿಕ್ಕಂತೆ.

ಕೆಲವು ರೂಪಗಳನ್ನು ಕಣ್ಣಿಗೆ ಪರಿಚಯ ಮಾಡಿಕೊಳ್ಳಿ. ಹೆಟೆರೊಹೆಲಿಕ್ಸ್ ಜಡೆ ಹೆಣೆದ ಹಾಗೆ ಎರಡು ಸಾಲಿನ ಗುಂಡು ಕೋಣೆಗಳು. ಗೆಂಬೆಲಿಟ್ರಿಯಾ ಮೂರು ಸಾಲು, ದ್ರಾಕ್ಷಿಗೊಂಚಲಿನಂತೆ. ನುಮ್ಮುಲೈಟಿಸ್ ತೊಗರಿಬೇಳೆಯಿಂದ ನಾಣ್ಯದ ಗಾತ್ರದವರೆಗಿನ ಬಿಲ್ಲೆ, ಅದು ಕಂಡರೆ ನೀವು ಕ್ರಿಟೇಶಿಯಸ್ ದಾಟಿ ಮೇಲೆ ಬಂದಿದ್ದೀರಿ. ಗೋಧಿಕಾಳಿನಂತೆ ಕಾಣುವ ಫುಸುಲಿನಿಡ್‌ಗಳು ಪರ್ಮಿಯನ್ ಮುಗಿಯುವಷ್ಟರಲ್ಲಿ ಅಳಿದವು. ಕೊನೊಡಾಂಟ್‌ಗಳು ಬಾಚಣಿಕೆಯಂತೆ, ಕೊಂಬಿನಂತೆ, ಜೇನಿನ ಬಣ್ಣದಲ್ಲಿ ಹೊಳೆಯುತ್ತವೆ. ಕಲ್ಲು ನೆಲದಾಳದಲ್ಲಿ ಬೆಂದಷ್ಟೂ ಅವು ಕಂದಾಗಿ ಕಪ್ಪಾಗುತ್ತವೆ, ಆ ಬಣ್ಣಕ್ಕೇ 1ರಿಂದ ಶುರುವಾಗುವ ಅಳತೆಪಟ್ಟಿ ಇದೆ. ಹಿಂಡಿಯೋಡಸ್ ಪಾರ್ವಸ್‌ನಲ್ಲಿ ಮುಂದಿನ ಒಂದು ಹಲ್ಲು ಉಳಿದವಕ್ಕಿಂತ ಎದ್ದು ಕಾಣುವಷ್ಟು ಎತ್ತರ.

ಕ್ರಿಟೇಶಿಯಸ್ ಗಡಿಯಲ್ಲಿ ಬಹಳ ಜನ ಎಡವುವುದು ಸಾಣಿಗೆಯಲ್ಲಿ. ಗಡಿಯ ಕೆಳಗೆ ದೊಡ್ಡ, ಅಲಂಕಾರದ ಫೋರಾಮ್‌ಗಳು. ಗಡಿ ದಾಟಿದ ತಕ್ಷಣ ಬದುಕಿದವು ಮತ್ತು ಹೊಸದಾಗಿ ಹುಟ್ಟಿದವು ಬಹಳ ಸಣ್ಣವು, ಎಷ್ಟೋ 100 ಮೈಕ್ರಾನ್‌ಗಿಂತ ಕಡಿಮೆ. ಪಾರ್ವುಲಾರುಗೊಗ್ಲೊಬಿಜೆರಿನಾ ಯುಗುಬಿನಾ ಅಂಥದ್ದು. ಇಟಲಿಯ ಗುಬ್ಬಿಯೊ ಊರಿನ ಸುಣ್ಣದಕಲ್ಲಿನಿಂದ 1964ರಲ್ಲಿ ಅದಕ್ಕೆ ಹೆಸರಿಟ್ಟರು. 150 ಮೈಕ್ರಾನ್ ಸಾಣಿಗೆಯಲ್ಲಿ ತೊಳೆದವರಿಗೆ ಗಡಿಯ ಮೇಲೆ ಏನೂ ಇಲ್ಲ ಎಂದೇ ಕಾಣುತ್ತದೆ. ಈ ಗಡಿಗೆ 38 ಮೈಕ್ರಾನ್ ಸಾಣಿಗೆ ಬಳಸಿ.

ನ್ಯಾನೊಪಳೆಯುಳಿಕೆಗಳು ಇದಕ್ಕಿಂತಲೂ ಸಣ್ಣವು. ಹಲ್ಲುಕಡ್ಡಿಯಿಂದ ಒಂದು ಚಿಟಿಕೆ ಕೆರೆದು ಸ್ಲೈಡಿನ ಮೇಲೆ ಸವರಿ 1000 ಪಟ್ಟಿನ ಧ್ರುವೀಕರಣ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮಾದರಿ ತಯಾರಿ ಸುಲಭ, ಉಪಕರಣ ದುಬಾರಿ, ವಿಶ್ವವಿದ್ಯಾಲಯದ ವಿಭಾಗವನ್ನು ಕೇಳಿಕೊಳ್ಳಿ.

ನಮ್ಮ ಲಾವಾದ ನಡುವಿನ ಕಲ್ಲು

ದಖ್ಖನ್ನಿನ ಲಾವಾ ಒಂದೇ ಸಲ ಹರಿದದ್ದಲ್ಲ. ಎರಡು ಹರಿವಿನ ನಡುವೆ ಕೆರೆಕುಂಟೆಗಳಾಗಿ ತೆಳ್ಳನೆಯ ಸುಣ್ಣದ ಪದರ, ಬೆಣಚುಪದರ ಕೂತ ಜಾಗಗಳಿವೆ. ಕರ್ನಾಟಕದಲ್ಲಿ ಗುರುಮಠಕಲ್ ಕಡೆಯದು ಹೆಸರಾದದ್ದು. ಅಂಥಲ್ಲಿ ಸಿಗುವುದು ಸಿಹಿನೀರಿನ ಜೀವಿಗಳು: ಅವರೆಕಾಳಿನ ಆಕಾರದ ಆಸ್ಟ್ರಕಾಡ್ ಚಿಪ್ಪು, ಕ್ಯಾರಾ ಎಂಬ ನೀರುಸಸ್ಯದ ಬೀಜದಂಥ ಕಾಯಿ. ಸಾಸಿವೆಕಾಳಿಗೆ ದಾರ ಸುತ್ತಿದ ಹಾಗೆ ಇರುತ್ತದೆ ಅದು. ಒಂದು ಕೆರೆಯ ಜೀವಿ ಇನ್ನೊಂದು ಕೆರೆಯಲ್ಲಿ ಇರಲೇಬೇಕೆಂದಿಲ್ಲವಾದ್ದರಿಂದ ಗಡಿಯನ್ನು ಇವು ಸ್ಪಷ್ಟವಾಗಿ ಹೇಳಲಾರವು.

ಆಂಧ್ರದ ರಾಜಮಹೇಂದ್ರಿಯಲ್ಲಿ ಬೇರೆ ಕತೆ. ಅಲ್ಲಿ ಎರಡು ಲಾವಾಗಳ ನಡುವೆ ಸಮುದ್ರದ ಸುಣ್ಣದ ಪದರ ಇದೆ, ಅದರಲ್ಲಿ ಪೇಲಿಯೋಜೀನ್ ಆರಂಭದ ತೇಲುವ ಫೋರಾಮ್‌ಗಳು ಸಿಕ್ಕಿವೆ. ಅಂದರೆ ಕೆಳಗಿನ ಲಾವಾ ಹರಿದ ಸ್ವಲ್ಪ ಕಾಲದಲ್ಲೇ ಹೊಸ ಯುಗ ಶುರುವಾಗಿತ್ತು. ಲಾವಾದಲ್ಲಿ ಫೋರಾಮ್ ಇರುವುದಿಲ್ಲ, ಆದರೆ ಎರಡು ಲಾವಾದ ನಡುವೆ ಸಿಕ್ಕಿಕೊಂಡ ಒಂದಿಷ್ಟು ಸಮುದ್ರದ ಕೆಸರು ಲಾವಾದ ಕಾಲವನ್ನು ಹೇಳಿತು. ವಿಜಯಪುರದ ಕರಿಗಲ್ಲಿನ ಮೇಲೆ ನಿಂತಾಗಲೆಲ್ಲ ಇದು ನನ್ನ ನೆನಪಿಗೆ ಬರುತ್ತದೆ.

ಚಾರ್ಟ್ ಬರೆಯುವುದು, ಮೋಸ ಹೋಗದಿರುವುದು

ಗ್ರಾಫ್ ಹಾಳೆಯ ಎಡಗಡೆ ಪದರಗಳು, ಕೆಳಗಿನಿಂದ ಮೇಲಕ್ಕೆ. ಬಲಗಡೆ ಒಂದೊಂದು ಜಾತಿಗೆ ಒಂದೊಂದು ನಿಂತ ಗೆರೆ, ಅದು ಮೊದಲು ಸಿಕ್ಕ ಮಾದರಿಯಿಂದ ಕೊನೆಗೆ ಸಿಕ್ಕ ಮಾದರಿಯವರೆಗೆ. ಉದಾಹರಣೆಗೆ 1ರಿಂದ 14ನೇ ಮಾದರಿವರೆಗೆ ಗ್ಲೋಬೊಟ್ರಂಕಾನಾ ಗೆರೆಗಳಿವೆ, 15ರಲ್ಲಿ ಬರೀ ಗೆಂಬೆಲಿಟ್ರಿಯಾ, 16ರಿಂದ ಯುಗುಬಿನಾ ಎಂದುಕೊಳ್ಳಿ. ಗಡಿ 14 ಮತ್ತು 15ರ ನಡುವೆ. ಸರದಿ ಕಣ್ಣಿಗೆ ಕಾಣುವುದು ಈ ಹಾಳೆಯ ಮೇಲೆ.

ಈಗ ಅನುಮಾನಪಡಿ. ವಿರಳವಾದ ಜಾತಿ ನಿಜವಾಗಿ ಅಳಿಯುವುದಕ್ಕಿಂತ ಮೊದಲೇ ನಿಮ್ಮ ಮಾದರಿಗಳಲ್ಲಿ ಸಿಗುವುದು ನಿಂತಿರುತ್ತದೆ. ಅದರಿಂದ ಒಮ್ಮೆಲೇ ಆದ ಅಳಿವೂ ನಿಧಾನವಾಗಿ ಆದಂತೆ ಕಾಣುತ್ತದೆ. ಸಿನ್ಯೊರ್ ಮತ್ತು ಲಿಪ್ಸ್ 1982ರಲ್ಲಿ ಇದನ್ನು ತೋರಿಸಿಕೊಟ್ಟರು. ಅದಕ್ಕೆ ಮದ್ದು ಒಂದೇ, ಗಡಿಯ ಹತ್ತಿರ ಹೆಚ್ಚು ಕಲ್ಲು, ಹೆಚ್ಚು ಚಿಪ್ಪು. ಇದಕ್ಕೆ ವಿರುದ್ಧವಾದದ್ದು ಇನ್ನೊಂದು: ಹಳೆಯ ಚಿಪ್ಪು ಹಳೆಯ ಪದರದಿಂದ ಕೊಚ್ಚಿಬಂದು ಹೊಸ ಪದರದಲ್ಲಿ ಸೇರಿಕೊಂಡಿರುತ್ತದೆ. ಅಂಥದ್ದು ಸವೆದಿರುತ್ತದೆ, ಬಣ್ಣ ಬೇರೆ ಇರುತ್ತದೆ, ಒಳಗೆ ತುಂಬಿದ ಕಲ್ಲು ಸುತ್ತಲಿನದಕ್ಕೆ ಹೊಂದುವುದಿಲ್ಲ. ಬಹಳ ಜಾತಿಗಳು ಒಂದೇ ಗೆರೆಯಲ್ಲಿ ನಿಂತುಹೋದರೆ ಅಳಿವು ಎನ್ನುವ ಮೊದಲು ಅಲ್ಲಿ ಪದರವೇ ಕೊಚ್ಚಿಹೋಗಿದೆಯೇ ನೋಡಿ. ಹುಳ ಕೊರೆದ ಗಟ್ಟಿ ಮೇಲ್ಮೈ, ಹಸಿರು ಗ್ಲಾಕೊನೈಟ್ ಕಣ, ಫಾಸ್ಫೇಟ್ ಗಂಟು ಇದ್ದರೆ ಆ ಅನುಮಾನ ಬಲವಾಗುತ್ತದೆ.

ಇನ್ನು ಏನೂ ಇಲ್ಲದ ಕಲ್ಲಿನ ವಿಷಯ. ಒಮ್ಮೆ ನವನಗರದ ನನ್ನ ಮನೆಯ ಹಿತ್ತಲಿನಲ್ಲಿ ಲೋಕಾಪುರದ ಜೇಡಿ ಬೆರೆತ ಸುಣ್ಣದಕಲ್ಲನ್ನು ನೆನೆಸಿ ತೊಳೆದು ನೋಡುತ್ತಿದ್ದೆ, ಕೈ ಪಳಗಲಿ ಎಂದು. ತಟ್ಟೆಯ ಮೂಲೆಯಲ್ಲಿ ಒಂದು ಫೋರಾಮ್. ಜಡೆಯಂಥ ಎರಡು ಸಾಲಿನ ಕೋಣೆಗಳು, ಸ್ಪಷ್ಟವಾಗಿ. ನನ್ನ ಎದೆ ಬಡಿತ ನನಗೇ ಕೇಳುತ್ತಿತ್ತು. 100 ಕೋಟಿ ವರ್ಷದ ಕಲ್ಲಿನಲ್ಲಿ ಫೋರಾಮ್! ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸಾಣಿಗೆಯನ್ನು ಬೆಳಕಿಗೆ ಹಿಡಿದಾಗ ಜಾಲರಿಯ ಕಣ್ಣುಗಳಲ್ಲಿ ಇನ್ನೂ ಮೂರು ಕಂಡವು. ಹಿಂದಿನ ವಾರ ಅದರಲ್ಲೇ ಅರಿಯಲೂರಿನ ಮಣ್ಣು ತೊಳೆದಿದ್ದೆ.

ಅವತ್ತಿನಿಂದ ಎರಡು ನಿಯಮ ಬಿಟ್ಟಿಲ್ಲ. ಪ್ರತಿ ಮಾದರಿಯ ನಂತರ ಸಾಣಿಗೆಯನ್ನು ಉಜ್ಜಿ ತೊಳೆದು ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದುತ್ತೇನೆ. ಸಿಕ್ಕಿಕೊಂಡ ಹಳೆಯ ಚಿಪ್ಪು ನೀಲಿಯಾಗುತ್ತದೆ, ಮುಂದಿನ ಮಾದರಿಯಲ್ಲಿ ನೀಲಿ ಚಿಪ್ಪು ಕಂಡರೆ ಅದು ಅಲ್ಲಿಯದಲ್ಲ. ಎರಡನೆಯದು, ಹತ್ತು ಮಾದರಿಗೊಮ್ಮೆ ಲೋಕಾಪುರದ ಕಲ್ಲಿನ ಒಂದು ಮಾದರಿಯನ್ನು ಅದೇ ಬಕೆಟ್, ಅದೇ ಸಾಣಿಗೆ, ಅದೇ ತಟ್ಟೆಯಲ್ಲಿ ಹಾಯಿಸುತ್ತೇನೆ. ಇದಕ್ಕೆ ಸೊನ್ನೆ ಮಾದರಿ ಎನ್ನುತ್ತೇನೆ. ಅದರಲ್ಲಿ ಫೋರಾಮ್ ಆಗಲಿ ಕೊನೊಡಾಂಟ್ ಆಗಲಿ ಇರಲು ಸಾಧ್ಯವೇ ಇಲ್ಲ. ಒಂದು ಸಿಕ್ಕರೂ ಆ ಹತ್ತು ಮಾದರಿಗಳನ್ನು ಮತ್ತೆ ಮೊದಲಿನಿಂದ. ಜಗತ್ತಿನ ಎಷ್ಟೋ ಲ್ಯಾಬುಗಳಿಗೆ ಇಂಥ ಸುಣ್ಣದಕಲ್ಲು ಹುಡುಕಿ ತರಿಸಬೇಕು. ನಮಗೆ ಬಸ್ಸಿನ ದಾರಿಯಲ್ಲೇ ಇದೆ.

ಇಷ್ಟಾದ ಮೇಲೂ ಚಾರ್ಟಿನ ಕೆಳಗೆ "ಗಡಿ ಇಲ್ಲಿದೆ" ಎಂದು ಒಂದು ಗೆರೆ ಎಳೆಯಬೇಡಿ. "14 ಮತ್ತು 15ನೇ ಮಾದರಿಗಳ ನಡುವಿನ 10 ಸೆಂಟಿಮೀಟರಿನಲ್ಲಿ" ಎಂದು ಬರೆಯಿರಿ. ಇರಿಡಿಯಂ, ಇಂಗಾಲದ ಐಸೋಟೋಪ್, ಕಾಂತೀಯ ದಿಕ್ಕು ಇಂಥ ಬೇರೆ ಸಾಕ್ಷಿ ಮಾಡಿಸಲು ಸಾಧ್ಯವಾದರೆ ಅದೇ 10 ಸೆಂಟಿಮೀಟರಿನಿಂದ ಕಲ್ಲು ಕೊಡಿ. ಆಮೇಲೆ ಚೀಲ, ಸುತ್ತಿಗೆ, ಪೆನ್ಸಿಲ್ ಹಿಡಿದು ಮತ್ತೆ ಆ ಗೋಡೆಯ ಮುಂದೆ ನಿಂತು, ಈ ಸಲ ಸೆಂಟಿಮೀಟರಿಗೊಂದರಂತೆ, ಕೆಳಗಿನಿಂದ ಮೇಲಕ್ಕೆ ತೆಗೆಯಿರಿ.